ತೀರ್ಪಿನ ದಿನ ಅಂದರೆ ವಿಶ್ವಾಸಿ ಹೆದರಬೇಕಾ, ತಲೆ ಎತ್ತಬೇಕಾ?

ಪ್ರಶ್ನೆ: ಪಾಸ್ಟರ್ ಅವರಿಗೆ ವಂದನೆಗಳು. ನಾನು ಮಂಡ್ಯದವಳು. ಮದುವೆಯಾದ ಮೇಲೆ ಯೇಸುವನ್ನು ನಂಬಿ ದೀಕ್ಷಾಸ್ನಾನ ತೆಗೆದುಕೊಂಡೆ. ಹೋದ ತಿಂಗಳು ನಮ್ಮ ಸಭೆಯ ಉಪವಾಸ ಕೂಟಕ್ಕೆ ಹೊರಗಿನ ಬೋಧಕರೊಬ್ಬರು ಬಂದಿದ್ದರು. ತೀರ್ಪಿನ ದಿನದ ಬಗ್ಗೆ ಬಹಳ ಹೊತ್ತು ಪ್ರಸಂಗ ಮಾಡಿದರು. ಆವತ್ತಿನಿಂದ ನನಗೆ ರಾತ್ರಿ ಸರಿಯಾಗಿ ನಿದ್ದೆ ಇಲ್ಲ. ಮಾಡಿದ ತಪ್ಪುಗಳೆಲ್ಲ ಒಂದೊಂದಾಗಿ ನೆನಪಾಗುತ್ತವೆ. ಪ್ರಸಂಗದ ಕೊನೆಗೆ ಅವರು "ವಿಶ್ವಾಸಿಗಳೇ, ಸಂತೋಷಪಡಿ" ಅಂದರು. ಹೇಗೆ ಸಂತೋಷಪಡೋದು? ನಮ್ಮ ಅಪ್ಪ ಎರಡು ವರ್ಷದ ಹಿಂದೆ ತೀರಿಕೊಂಡರು. ಅವರು ಕ್ರೈಸ್ತರಲ್ಲ. ಅವರನ್ನು ನೆನೆದರೆ ನಾನು ಸಂತೋಷಪಡೋದೇ ಸ್ವಾರ್ಥ ಅನ್ನಿಸುತ್ತದೆ. ಒಂಬತ್ತು ವರ್ಷದ ಮಗಳೂ ಆ ಪ್ರಸಂಗ ಕೇಳಿದ್ದಾಳೆ. "ಅಮ್ಮ, ಬೆಂಕಿ ಯಾವಾಗ ಬರುತ್ತೆ?" ಅಂತ ಕೇಳುತ್ತಾಳೆ. ಅವಳಿಗೆ ಏನು ಹೇಳಲಿ?

ಉತ್ತರ: ಪ್ರಿಯ ಸಹೋದರಿ,

ಮೊದಲು ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ನಿಮಗೆ ಭಯವಾಗಿದೆ ಅಂದ ಮಾತ್ರಕ್ಕೆ ನಿಮ್ಮ ನಂಬಿಕೆ ಸುಳ್ಳಲ್ಲ. ಮೈಸೂರಿನಲ್ಲಿ ಬೈಬಲ್ ಪಾಠ ಮಾಡುವವನು ನಾನು. ಇದೇ ಪ್ರಶ್ನೆಯನ್ನು ಸಭೆಯಲ್ಲಿ ಹುಟ್ಟಿ ಬೆಳೆದವರು, ಸಂಡೇ ಸ್ಕೂಲಿನಲ್ಲಿ ಕಲಿಸುವವರು, ವಯಸ್ಸಾದ ಹಿರಿಯರು ಎಲ್ಲರೂ ಕೇಳುತ್ತಾರೆ. ಹೆಚ್ಚಿನವರು ಮೆಲ್ಲಗೆ, ಬೇರೆ ಯಾರೂ ಇಲ್ಲದಾಗ ಕೇಳುತ್ತಾರೆ. ನೀವು ಬರೆದೇ ಕೇಳಿದಿರಿ. ಒಳ್ಳೆಯದಾಯಿತು.

ನಮ್ಮ ಮೈಸೂರಿನಲ್ಲಿ ವೆಸ್ಲಿ ಕೆಥೆಡ್ರಲ್ ಇದೆ. ಅದು ಯಾರ ಹೆಸರಿನಲ್ಲಿದೆಯೋ ಆ ಜಾನ್ ವೆಸ್ಲಿಯವರ ಕಥೆ ನಿಮಗೆ ಬೇಕಾದ ಕಥೆ. 1736ರ ಜನವರಿ. ವೆಸ್ಲಿ ಇಂಗ್ಲೆಂಡಿನಿಂದ ಅಮೆರಿಕದ ಜಾರ್ಜಿಯಾ ಕಡೆಗೆ ಹಡಗಿನಲ್ಲಿ ಹೊರಟಿದ್ದರು. ಆಗಲೇ ಅವರು ಪಾದ್ರಿ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಪ್ರಾರ್ಥನೆ ಮಾಡುವ ಶಿಸ್ತು ಅವರದು. ದಾರಿಯಲ್ಲಿ ಬಿರುಗಾಳಿ ಹೊಡೆಯಿತು. ಅದೇ ಹಡಗಿನಲ್ಲಿ ಮೊರೇವಿಯನ್ ಪಂಗಡದ ಜರ್ಮನ್ ವಿಶ್ವಾಸಿಗಳಿದ್ದರು. ಅವರು ಆರಾಧನೆ ಶುರು ಮಾಡಿ ಕೀರ್ತನೆ ಹಾಡುತ್ತಿದ್ದಾಗ ಸಮುದ್ರ ಹಡಗಿನ ಮೇಲೆ ಬಿತ್ತು. ದೊಡ್ಡ ಹಾಯಿ ಹರಿದು ಚೂರಾಯಿತು. ನೀರು ಒಳಗೆ ನುಗ್ಗಿತು. ಇಂಗ್ಲಿಷ್ ಪ್ರಯಾಣಿಕರು ಕಿರುಚಾಡಿದರು. ಮೊರೇವಿಯನ್ನರು ಹಾಡುತ್ತಲೇ ಇದ್ದರು. ಗಾಳಿ ನಿಂತ ಮೇಲೆ ವೆಸ್ಲಿ ಅವರಲ್ಲಿ ಒಬ್ಬರನ್ನು ಕೇಳಿದರು, ನಿಮಗೆ ಭಯವಾಗಲಿಲ್ಲವೇ? ಇಲ್ಲ, ದೇವರಿಗೆ ಸ್ತೋತ್ರ. ನಿಮ್ಮ ಹೆಂಗಸರು ಮಕ್ಕಳಿಗೆ? ನಮ್ಮ ಹೆಂಗಸರು ಮಕ್ಕಳು ಸಾಯಲು ಹೆದರುವುದಿಲ್ಲ.

ವೆಸ್ಲಿಗೆ ಆ ಮಾತು ಚುಚ್ಚಿತು. ಅವರಿಗೆ ಸಾವು ಅಂದರೆ ಭಯ, ಸಾವಿನಾಚೆಯ ತೀರ್ಪು ಅಂದರೆ ಇನ್ನೂ ಭಯ. ಇದು ಯಾರೋ ವಿರೋಧಿಗಳು ಅವರ ಮೇಲೆ ಹೊರಿಸಿದ ಆರೋಪವಲ್ಲ, ತಮ್ಮ ದಿನಚರಿಯಲ್ಲಿ ಅವರೇ ಬರೆದುಕೊಂಡಿದ್ದು. ಎರಡು ವರ್ಷ ಕಳೆದು, 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಮನಸ್ಸಿಲ್ಲದ ಮನಸ್ಸಿನಿಂದ ಹೋದರು. ಅಲ್ಲಿ ಒಬ್ಬರು, ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಗೆ, ಅಂದರೆ ಬೈಬಲ್‌ನಲ್ಲಿರುವ ಆ ಪತ್ರಕ್ಕೆ, ಜರ್ಮನಿಯ ಸಭಾಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದರು. ಕೇಳುತ್ತಾ ಕೂತಾಗ ಮನಸ್ಸು ಬೆಚ್ಚಗಾಯಿತು, ಕ್ರಿಸ್ತನು ನನ್ನ ಪಾಪಗಳನ್ನು, ಹೌದು ನನ್ನವನ್ನೇ, ತೆಗೆದುಹಾಕಿದ್ದಾನೆ ಎಂಬ ಭರವಸೆ ಬಂತು ಅಂತ ಬರೆದುಕೊಂಡಿದ್ದಾರೆ. ಅಲ್ಲಿಗೆ ಎಲ್ಲ ಮುಗಿಯಿತಾ ಅಂದರೆ ಇಲ್ಲ. ಆಮೇಲೂ ಅವರಿಗೆ ಸಂದೇಹಗಳು ಬಂದವು. ಆದರೆ ಸಂದೇಹ ಬಂದಾಗ ಎಲ್ಲಿಗೆ ಹೋಗಬೇಕು ಅನ್ನೋದು ಗೊತ್ತಾಗಿತ್ತು.

ಆ ಹಡಗಿನ ಹೆಂಗಸರು, ಮಕ್ಕಳು ವೆಸ್ಲಿಗಿಂತ ಜಾಸ್ತಿ ಒಳ್ಳೆಯವರಾಗಿದ್ದರು, ಅದಕ್ಕೇ ಧೈರ್ಯವಾಗಿದ್ದರು ಅಂದುಕೊಳ್ಳಬೇಡಿ. ಶಿಸ್ತಿನಲ್ಲಿ ವೆಸ್ಲಿಯನ್ನು ಮೀರಿಸುವವರು ಕಡಿಮೆ. ವೆಸ್ಲಿ ತಮ್ಮನ್ನು ನೋಡಿಕೊಳ್ಳುತ್ತಿದ್ದರು, ಮೊರೇವಿಯನ್ನರು ನ್ಯಾಯಾಧೀಶನನ್ನು ನೋಡುತ್ತಿದ್ದರು. ನಿಮ್ಮ ನಿದ್ದೆ ಕೆಟ್ಟಿರುವುದೂ ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ರಾತ್ರಿಯಿಡೀ ನೀವು ನೋಡುತ್ತಿರುವುದು ನಿಮ್ಮ ತಪ್ಪುಗಳನ್ನು. ತೀರ್ಪು ಕೊಡುವವರು ಯಾರು ಅಂತ ನೋಡಿಲ್ಲ.

ಯಾರು ಅವರು? ಯೋಹಾನನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸುಸ್ವಾಮಿಯೇ ಹೇಳುತ್ತಾರೆ, ತಂದೆ ತಾನೇ ಯಾರಿಗೂ ತೀರ್ಪು ಮಾಡದೆ ಆ ಅಧಿಕಾರವನ್ನೆಲ್ಲ ಮಗನಿಗೆ ಕೊಟ್ಟಿದ್ದಾನೆ ಅಂತ. ಸಿಂಹಾಸನದ ಮೇಲೆ ಕೂರುವುದು ಮುಖ ಪರಿಚಯವಿಲ್ಲದ ಯಾರೋ ಅಲ್ಲ. ಕುಷ್ಠರೋಗಿಯನ್ನು ಮುಟ್ಟಿದ ಕೈ ಅದು. ಸುಂಕದವರ ಮನೆಯಲ್ಲಿ ಊಟಕ್ಕೆ ಕೂತವರು ಅವರು. ನಿಮ್ಮ ಸಭೆಯಲ್ಲಿ ವಿಶ್ವಾಸ ಪ್ರಮಾಣ ಹೇಳುವ ರೂಢಿ ಇಲ್ಲದಿರಬಹುದು. ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮತ್ತು ಕಥೋಲಿಕ ಸಭೆಗಳಲ್ಲಿ ಹೇಳುತ್ತಾರೆ. ಅದರಲ್ಲಿ ಯೇಸು ಬದುಕಿರುವವರಿಗೂ ಸತ್ತವರಿಗೂ ತೀರ್ಪು ಮಾಡಲು ಬರುವರು ಎಂಬ ಮಾತಿಗೆ ಸ್ವಲ್ಪ ಮೊದಲು ಪೊಂತ್ಯ ಪಿಲಾತನ ಹೆಸರು ಬರುತ್ತದೆ. ಯೇಸುವಿಗೆ ಮರಣದಂಡನೆ ಕೊಟ್ಟ ಒಬ್ಬ ರೋಮನ್ ಅಧಿಕಾರಿಯ ಹೆಸರು ನಮ್ಮ ನಂಬಿಕೆಯ ಮಾತುಗಳ ನಡುವೆ ಯಾಕೆ? ಯಾಕೆಂದರೆ ತೀರ್ಪು ಕೊಡಲು ಬರುವವರು ಮೊದಲು ತಾವೇ ಕಟಕಟೆಯಲ್ಲಿ ನಿಂತವರು. ತಪ್ಪಿಲ್ಲದೆ ಶಿಕ್ಷೆ ಅನುಭವಿಸಿದವರು. ಆ ಶಿಕ್ಷೆ ನಮ್ಮದಾಗಿತ್ತು.

1563ರಲ್ಲಿ ಜರ್ಮನಿಯ ಹೈಡಲ್‌ಬರ್ಗ್ ಊರಿನಲ್ಲಿ ಸಭೆಯವರಿಗೆ ನಂಬಿಕೆಯ ಪಾಠ ಕಲಿಸಲು ಒಂದು ಪ್ರಶ್ನೋತ್ತರ ಬರೆದರು. ಒಟ್ಟು 129 ಪ್ರಶ್ನೆ. ಅದರ 52ನೇ ಪ್ರಶ್ನೆ ತೀರ್ಪಿನ ಬಗ್ಗೆ. ಆ ದಿನ ಎಷ್ಟು ಭಯಂಕರ ಅಂತ ಅಲ್ಲಿ ಕೇಳಿಲ್ಲ. ಕ್ರಿಸ್ತನು ತೀರ್ಪು ಮಾಡಲು ಬರುತ್ತಾನೆ ಅನ್ನೋದರಿಂದ ನಿನಗೆ ಸಿಗುವ ಸಮಾಧಾನ ಏನು ಅಂತ ಕೇಳಿದ್ದಾರೆ. ಉತ್ತರದ ತಿರುಳು ಹೀಗಿದೆ: ನನ್ನ ಎಲ್ಲ ಕಷ್ಟ, ಹಿಂಸೆಗಳ ನಡುವೆಯೂ ತಲೆ ಎತ್ತಿಕೊಂಡು ಕಾಯುತ್ತೇನೆ. ಬರುವ ನ್ಯಾಯಾಧೀಶ ಯಾರೆಂದರೆ, ಮೊದಲೇ ನನ್ನ ಬದಲಿಗೆ ದೇವರ ತೀರ್ಪಿಗೆ ತನ್ನನ್ನು ಒಪ್ಪಿಸಿಕೊಂಡು ನನ್ನ ಮೇಲಿದ್ದ ಶಾಪವನ್ನೆಲ್ಲ ತೆಗೆದವನೇ. ತಲೆ ಎತ್ತುವ ಆ ಮಾತು ಬಂದಿರುವುದು ಲೂಕನ ಸುವಾರ್ತೆಯ 21ನೇ ಅಧ್ಯಾಯದಿಂದ. ಸೂರ್ಯ ಚಂದ್ರರಲ್ಲಿ ಸೂಚನೆಗಳು, ಸಮುದ್ರದ ಮೊರೆತ, ದಿಕ್ಕೆಟ್ಟು ಪ್ರಾಣ ಹೋದಂತಾಗುವ ಜನ, ಇಷ್ಟೆಲ್ಲ ಹೇಳಿ ಯೇಸುಸ್ವಾಮಿ ತಮ್ಮ ಶಿಷ್ಯರಿಗೆ ಹೇಳಿದ್ದು, ಮೇಲಕ್ಕೆ ನೋಡಿ, ತಲೆ ಎತ್ತಿ, ನಿಮ್ಮ ಬಿಡುಗಡೆ ಹತ್ತಿರವಾಯಿತು ಅಂತ. ನಿಮ್ಮ ಸಭೆಗೆ ಬಂದ ಬೋಧಕರು ಕೊನೆಗೆ ಹೇಳಿದ ಮಾತು ತಪ್ಪಲ್ಲ ಸಹೋದರಿ. ಆದರೆ ಅದು ಅಷ್ಟು ದೊಡ್ಡ ಪ್ರಸಂಗದ ಬಾಲದಲ್ಲಿ ಬರುವ ಮಾತಲ್ಲ. ಅಲ್ಲಿಂದಲೇ ಶುರು ಮಾಡಬೇಕಿತ್ತು.

ಈಗ ನಮ್ಮಲ್ಲಿ ಹೆಚ್ಚು ಜನ ಮರೆತಿರುವ ಇನ್ನೊಂದು ಮುಖ ಹೇಳುತ್ತೇನೆ. ಬೈಬಲ್‌ನಲ್ಲಿ ತೀರ್ಪು ಅಂದ ಕೂಡಲೇ ಜನ ನಡುಗುವುದಿಲ್ಲ. ಬಹಳ ಕಡೆ ಹಾಡುತ್ತಾರೆ. 96ನೇ ಕೀರ್ತನೆ ತೆಗೆಯಿರಿ. ಆಕಾಶ ಸಂತೋಷಪಡಲಿ, ಹೊಲ ಉಲ್ಲಾಸಪಡಲಿ, ಕಾಡಿನ ಮರಗಳೆಲ್ಲ ಹಾಡಲಿ. ಯಾಕೆ? ದೇವರು ಭೂಮಿಗೆ ನ್ಯಾಯತೀರಿಸಲು ಬರುತ್ತಿದ್ದಾರೆ, ಅದಕ್ಕೆ. 98ನೇ ಕೀರ್ತನೆಯಲ್ಲಿ ನದಿಗಳು ಚಪ್ಪಾಳೆ ತಟ್ಟುತ್ತವೆ, ಅದೇ ಕಾರಣಕ್ಕೆ.

ಹಿಂದೆ ಒಬ್ಬ ಅವ್ವನ ಜೊತೆ ನಾನು ಕೋರ್ಟಿಗೆ ಹೋಗುತ್ತಿದ್ದೆ. ಗಂಡ ಸತ್ತ ಮೇಲೆ ಮೈದುನ ಬದು ಒತ್ತಿಕೊಂಡು ಅವರ ಗದ್ದೆಯಲ್ಲಿ ಅರ್ಧದಷ್ಟು ಉತ್ತುಬಿಟ್ಟಿದ್ದ. ಪಹಣಿ, ಸರ್ವೆ ನಕ್ಷೆ, ಕಂದಾಯದ ರಸೀದಿ ಎಲ್ಲವನ್ನೂ ಆ ಅವ್ವ ಸೀರೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿ ಇಟ್ಟುಕೊಂಡಿದ್ದರು. ಬಸ್ಸಿನಲ್ಲಿ ಅದನ್ನು ಮಡಿಲಿನಿಂದ ಕೆಳಗಿಡುತ್ತಿರಲಿಲ್ಲ. ವಾಯಿದೆ ಮೇಲೆ ವಾಯಿದೆ. ಹೋಗೋದು, ಬೆಂಚಿನಲ್ಲಿ ಕೂರೋದು, ಮುಂದಿನ ತಾರೀಖು ಬರೆಸಿಕೊಂಡು ಬರೋದು. ಒಂದು ದಿನ ಇವತ್ತು ಕೇಸು ನಡೆಯುತ್ತದೆ, ಜಡ್ಜ್ ಬಂದರು ಅಂದರು. ಅವ್ವ ತಟ್ಟನೆ ಎದ್ದು ನಿಂತು ಸೆರಗು ಸರಿಮಾಡಿಕೊಂಡರು. ಮುಖ ಅರಳಿತ್ತು. ಎದುರು ಬೆಂಚಿನಲ್ಲಿ ಮೈದುನ ಕೂತಿದ್ದ. ಜಡ್ಜ್ ಬಂದರು ಅನ್ನೋ ಅದೇ ಮಾತು ಅವನ ಕಿವಿಗೂ ಬಿತ್ತು. ಅವನ ಮುಖ ಅರಳಲಿಲ್ಲ.

ಯೇಸುಸ್ವಾಮಿ ಹೇಳಿದ ಒಂದು ಸಾಮ್ಯದಲ್ಲೂ, ಅಂದರೆ ನೀತಿ ಹೇಳುವ ಕಥೆಯಲ್ಲೂ, ಇಂಥದೇ ವಿಧವೆ ಬರುತ್ತಾಳೆ, ಲೂಕ 18ರಲ್ಲಿ. ಅಲ್ಲಿನ ಜಡ್ಜ್ ದೇವರಿಗೂ ಹೆದರದ, ಮನುಷ್ಯರನ್ನೂ ಲೆಕ್ಕಿಸದ ಆಸಾಮಿ. ಅಂಥವನೇ ಇವಳ ಕಾಟ ತಾಳಲಾರದೆ ನ್ಯಾಯ ಕೊಡುವಾಗ, ಹಗಲು ರಾತ್ರಿ ಮೊರೆಯಿಡುವ ತನ್ನವರಿಗೆ ದೇವರು ನ್ಯಾಯ ಕೊಡದೆ ಇರುತ್ತಾರಾ ಅಂತ ಯೇಸು ಕೇಳುತ್ತಾರೆ. ತೀರ್ಪೇ ಇಲ್ಲದ ಲೋಕವನ್ನು ಒಂದು ಸಲ ಯೋಚಿಸಿ ನೋಡಿ. ಕೂಲಿ ಕೊಡದೆ ದುಡಿಸಿಕೊಂಡವನು, ಹೆಣ್ಣುಮಕ್ಕಳನ್ನು ಹಾಳುಮಾಡಿದವನು, ದುಡ್ಡಿನ ಬಲದಿಂದ ಕೇಸು ಮುಚ್ಚಿಸಿದವನು, ಎಲ್ಲರೂ ನೆಮ್ಮದಿಯಾಗಿ ಸತ್ತು ಹೋದರೆ ಅಲ್ಲಿಗೆ ಮುಗಿಯಿತು. ನೊಂದವರ ಕಣ್ಣೀರಿಗೆ ಯಾರೂ ಉತ್ತರ ಹೇಳಬೇಕಾಗಿಲ್ಲ. ಅಂಥ ದೇವರನ್ನು ಪ್ರೀತಿಸೋದು ನನ್ನಿಂದ ಆಗದು. ನಿಮ್ಮಿಂದಲೂ ಆಗದು ಅಂದುಕೊಳ್ಳುತ್ತೇನೆ.

ಆದರೆ ನೀವು ಕೇಳಬಹುದು, ಅವ್ವನ ಮುಖ ಅರಳಿತು ಸರಿ, ನಾನು ಅವ್ವನೋ ಮೈದುನನೋ? ಪ್ರಾಮಾಣಿಕವಾಗಿ ಹೇಳಬೇಕೆಂದರೆ ನಾವೆಲ್ಲರೂ ಎರಡೂ ಹೌದು. ನಮಗೂ ಅನ್ಯಾಯವಾಗಿದೆ. ನಾವೂ ಇನ್ನೊಬ್ಬರ ಬದು ಒತ್ತಿದ್ದೇವೆ, ಗದ್ದೆಯದಲ್ಲದಿದ್ದರೂ ಮನಸ್ಸಿನದು. ಹಾಗಾಗಿ ನ್ಯಾಯ ಬರುತ್ತದೆ ಅನ್ನೋ ಸುದ್ದಿ ಒಂದೇ ಸಾಲದು. ಶಿಲುಬೆ ಬೇಕು. ದೇವರು ನಮ್ಮ ತಪ್ಪನ್ನು ನೋಡಿಯೂ ನೋಡದ ಹಾಗೆ ಸುಮ್ನೆ ಬಿಟ್ಟುಬಿಟ್ಟರು ಅಂತ ಸುವಾರ್ತೆ ಹೇಳುವುದಿಲ್ಲ. ಹಾಗೆ ಬಿಟ್ಟಿದ್ದರೆ ನಮ್ಮಿಂದ ನೊಂದವರಿಗೆ ಮೋಸವಾಗುತ್ತಿತ್ತು. ಆ ತಪ್ಪಿನ ತೂಕವನ್ನೆಲ್ಲ ಯೇಸು ತಮ್ಮ ಮೈಮೇಲೆ ಹೊತ್ತರು. ಅದಕ್ಕೇ ಯೋಹಾನನು ತನ್ನ ಮೊದಲನೇ ಪತ್ರಿಕೆಯಲ್ಲಿ, ನಾವು ಪಾಪಗಳನ್ನು ಒಪ್ಪಿಕೊಂಡರೆ ಆತನು ನಂಬಿಗಸ್ತನೂ ನೀತಿವಂತನೂ ಆಗಿರುವುದರಿಂದ ಕ್ಷಮಿಸುತ್ತಾನೆ ಅಂತ ಬರೆಯುತ್ತಾನೆ. ಕರುಣೆ ಇರುವುದರಿಂದ ಕ್ಷಮಿಸುತ್ತಾನೆ ಅಂದಿದ್ದರೆ ನಾವು ಆಶ್ಚರ್ಯಪಡುತ್ತಿರಲಿಲ್ಲ. ನೀತಿವಂತನಾಗಿರುವುದರಿಂದ ಅನ್ನುತ್ತಾನೆ. ಒಂದು ಸಲ ತೀರಿಸಿದ ಸಾಲವನ್ನು ಮತ್ತೆ ವಸೂಲಿ ಮಾಡುವುದು ನೀತಿಯಲ್ಲ. ಅಂದರೆ ದೇವರ ನ್ಯಾಯವೇ ಈಗ ನಿಮ್ಮ ಪರವಾಗಿ ನಿಂತಿದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯದ ಶುರುವಿನಲ್ಲಿ, ಕ್ರಿಸ್ತ ಯೇಸುವಿನಲ್ಲಿರುವವರಿಗೆ ಅಪರಾಧನಿರ್ಣಯ ಇಲ್ಲವೇ ಇಲ್ಲ ಅಂತ ಪೌಲನು ಅಷ್ಟು ಗಟ್ಟಿಯಾಗಿ ಹೇಳುವುದು ಈ ಆಧಾರದ ಮೇಲೆ. ನಮ್ಮ ನಡತೆ ಚೆನ್ನಾಗಿದೆ ಅಂತಲ್ಲ.

ಹಾಗಾದರೆ ವಿಶ್ವಾಸಿ ಹೇಗೆ ಬದುಕಿದರೂ ನಡೆಯುತ್ತಾ? ನಡೆಯಲ್ಲ. ನಾವೆಲ್ಲರೂ ಕ್ರಿಸ್ತನ ನ್ಯಾಯಾಸನದ ಮುಂದೆ ಬರಬೇಕು ಅಂತ ಅದೇ ಪೌಲನು ಕೊರಿಂಥದವರಿಗೆ ಬರೆದ ಎರಡನೇ ಪತ್ರಿಕೆಯಲ್ಲಿ ಹೇಳುತ್ತಾನೆ. ಮೊದಲನೇ ಪತ್ರಿಕೆಯ 3ನೇ ಅಧ್ಯಾಯದಲ್ಲಿ ವಿವರವೂ ಇದೆ. ಒಬ್ಬನು ಬಂಗಾರ ಬೆಳ್ಳಿಯಲ್ಲಿ ಕಟ್ಟುತ್ತಾನೆ, ಇನ್ನೊಬ್ಬನು ಕಟ್ಟಿಗೆ ಹುಲ್ಲುಗಳಲ್ಲಿ ಕಟ್ಟುತ್ತಾನೆ. ಬೆಂಕಿ ಎಲ್ಲವನ್ನೂ ಪರೀಕ್ಷಿಸುತ್ತದೆ. ಕಟ್ಟಿದ್ದು ಸುಟ್ಟುಹೋದವನಿಗೆ ನಷ್ಟವಾಗುತ್ತದೆ, ಆದರೆ ಅವನು ಉಳಿಯುತ್ತಾನೆ. ಆ ಬೆಂಕಿ ನಮ್ಮ ಕೆಲಸವನ್ನು ಪರೀಕ್ಷಿಸುತ್ತದೆ, ನಮ್ಮನ್ನು ಮನೆಯಿಂದ ಹೊರಹಾಕುವುದಿಲ್ಲ. ಕಥೋಲಿಕರು ಸಾವಿನ ನಂತರದ ಶುದ್ಧೀಕರಣದ ಬಗ್ಗೆ ಹೇಳುತ್ತಾರೆ, ನವೆಂಬರ್ 2ರಂದು ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ. ನಮ್ಮ ಪ್ರಾಟೆಸ್ಟೆಂಟ್ ಸಭೆಗಳು ಅದನ್ನು ಒಪ್ಪುವುದಿಲ್ಲ. ಆ ಚರ್ಚೆ ಇಲ್ಲಿ ಬೇಡ. ನಮ್ಮ ರಕ್ಷಣೆಗೆ ಆಧಾರ ಕ್ರಿಸ್ತನೇ ಎಂಬಲ್ಲಿ ಎರಡೂ ಕಡೆಯವರು ಒಟ್ಟಿಗೆ ನಿಲ್ಲುತ್ತಾರೆ.

ಇದು ರಾತ್ರಿಯ ಹೊತ್ತು ನಿಮಗೆ ಹೇಗೆ ಉಪಯೋಗ? ನೆನಪಾಗುವ ತಪ್ಪುಗಳನ್ನು ಸುಮ್ನೆ ಎಣಿಸುತ್ತಾ ಮಲಗಬೇಡಿ. ದೇವರಿಗೆ ಒಪ್ಪಿಸಿ ಕ್ಷಮೆ ಕೇಳಿದ ತಪ್ಪು ಮತ್ತೆ ನೆನಪಿಗೆ ಬಂದರೆ, ಅದು ಮುಗಿದ ಕೇಸು ಅಂತ ಬಾಯಿಬಿಟ್ಟು ಹೇಳಿ. ಮತ್ತೆ ಮತ್ತೆ ಕ್ಷಮೆ ಕೇಳುತ್ತಾ ಕೂರೋದು ಭಕ್ತಿ ಅನ್ನಿಸಬಹುದು, ಆದರೆ ಅದು ಕ್ರಿಸ್ತನ ಮಾತಿನ ಮೇಲೆ ಭರವಸೆ ಇಡದೆ ಇರೋದು. ಇನ್ನು ಕೆಲವು ತಪ್ಪುಗಳು ಬೇರೆ ಜಾತಿಯವು. ಯಾರಿಗೋ ದುಡ್ಡು ಕೊಡಬೇಕು, ಕೊಟ್ಟಿಲ್ಲ. ಓರಗಿತ್ತಿಯ ಹತ್ತಿರ ಮಾತು ಬಿಟ್ಟು ವರ್ಷವಾಗಿದೆ. ಇಂಥವಕ್ಕೆ ಬೆಳಗ್ಗೆ ಎದ್ದು ಮಾಡುವ ಕೆಲಸವಿದೆ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನು ಯೇಸು ತನ್ನ ಮನೆಗೆ ಬಂದ ದಿನವೇ, ಮೋಸದಿಂದ ತೆಗೆದುಕೊಂಡಿದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದ. ಯೇಸು ಬಂದ ಸಂತೋಷಕ್ಕೆ ಅಂದ, ಯೇಸು ಬರಲಿ ಅಂತ ಅಲ್ಲ. ಇದೊಂದು ವ್ಯತ್ಯಾಸ ಹಿಡಿದುಕೊಳ್ಳಿ. ಮಲಗುವ ಮುಂಚೆ 130ನೇ ಕೀರ್ತನೆ ಓದಿ. ಚಿಕ್ಕದು, ಎಂಟೇ ವಚನ. ಕರ್ತನೇ, ನೀನು ಪಾಪಗಳನ್ನು ಲೆಕ್ಕ ಇಟ್ಟರೆ ಯಾರು ನಿಲ್ಲಬಲ್ಲರು, ಆದರೆ ನಿನ್ನಲ್ಲಿ ಕ್ಷಮೆ ಇದೆ ಅನ್ನುತ್ತದೆ.

ತಾರೀಖು ಹೇಳುವ ಪ್ರಸಂಗಗಳು, ಮೊಬೈಲಿಗೆ ಬರುವ ವಿಡಿಯೋಗಳು, ಇವುಗಳಿಗೆ ಕಿವಿ ಕೊಡಬೇಡಿ. ಆ ದಿನವೂ ಗಳಿಗೆಯೂ ಯಾರಿಗೂ ಗೊತ್ತಿಲ್ಲ ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಅನ್ನುವವರ ಲೆಕ್ಕ ನಂಬಿ ಸಾವಿರಾರು ಜನ 1844ರ ಅಕ್ಟೋಬರ್ 22ರಂದು ಕಾದು ಕೂತರು. ಮಾರನೇ ದಿನ ಎಂದಿನಂತೆ ಬೆಳಗಾಯಿತು. ಎಷ್ಟೋ ಜನ ಮುರಿದುಹೋದರು.

ಸಂತೋಷ ಅಂದಾಗ ಭಯ ಪೂರ್ತಿ ಹೋಗಿರಬೇಕು ಅಂತ ನೀವು ಅಂದುಕೊಂಡಿರಬಹುದು. ಬೈಬಲ್‌ನಲ್ಲಿ ಪ್ರವಾದಿ ಹಬಕ್ಕೂಕನ ಪುಸ್ತಕ ಓದಿ. ಮೂರೇ ಅಧ್ಯಾಯ. ಬಾಬೆಲಿನ ಸೈನ್ಯ ಬಂದು ತನ್ನ ಜನರನ್ನು ಹೊಡೆಯುತ್ತದೆ, ಅದು ದೇವರ ತೀರ್ಪು ಅಂತ ಅವನಿಗೆ ಗೊತ್ತಾಗಿದೆ. ಅದನ್ನು ಕೇಳಿದಾಗ ಅವನ ಹೊಟ್ಟೆ ತಳಮಳಿಸಿತು, ತುಟಿ ಅದುರಿತು, ಮೂಳೆಗಳಲ್ಲಿ ಶಕ್ತಿ ಇಲ್ಲದಾಯಿತು, ನಿಂತಲ್ಲೇ ನಡುಗಿದ. ಇದು ಪ್ರವಾದಿಯ ಮೈ. ನಿಮ್ಮ ನಿದ್ದೆಗೆಟ್ಟ ರಾತ್ರಿಗಿಂತ ಕಮ್ಮಿಯದಲ್ಲ. ಅದರ ಮುಂದಿನ ವಚನಗಳಲ್ಲೇ ಬರುತ್ತದೆ, ಅಂಜೂರದ ಮರ ಚಿಗುರದಿದ್ದರೂ, ದ್ರಾಕ್ಷಿಬಳ್ಳಿಯಲ್ಲಿ ಹಣ್ಣಿಲ್ಲದಿದ್ದರೂ, ಹೊಲದಲ್ಲಿ ಬೆಳೆ ಬಾರದಿದ್ದರೂ, ಕೊಟ್ಟಿಗೆಯಲ್ಲಿ ದನಗಳಿಲ್ಲದಿದ್ದರೂ ನಾನು ಕರ್ತನಲ್ಲಿ ಸಂತೋಷಪಡುತ್ತೇನೆ ಅಂತ. ಕನ್ನಂಬಾಡಿ ಕಟ್ಟೆ ತುಂಬದೆ ನಾಲೆಗೆ ನೀರು ಬಿಡದ ವರ್ಷ ಮಂಡ್ಯ ಜಿಲ್ಲೆಯಲ್ಲಿ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಒಣಗಿದ ಗದ್ದೆಯ ಮುಂದೆ ನಿಂತವನ ಮಾತು ಇದು, ಫಸಲು ಮನೆಗೆ ಬಂದವನದಲ್ಲ. ನಡುಗುವ ಹೊಟ್ಟೆ, ಹಾಡುವ ಬಾಯಿ, ಎರಡೂ ಒಬ್ಬನದೇ. ನಡುಕ ನಿಂತ ಮೇಲೆ ಹಾಡೋಣ ಅಂತ ಅವನು ಕಾಯಲಿಲ್ಲ. ನೀವೂ ಕಾಯಬೇಡಿ.

ನೀವು ಮೈಸೂರಿಗೆ ಬಂದಾಗ ಸಂತ ಫಿಲೋಮಿನಾ ಚರ್ಚ್ ನೋಡಿರುತ್ತೀರಿ. ಈಗಿನ ಕಟ್ಟಡಕ್ಕೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದರು. ಮುಂದಿನ ಸಲ ಬಂದಾಗ ಬಲಿಪೀಠದ ಕೆಳಗಿರುವ ನೆಲಮಾಳಿಗೆಗೆ ಇಳಿಯಿರಿ. ಅಲ್ಲಿ ಫಿಲೋಮಿನಾಳ ಪ್ರತಿಮೆ ಇದೆ. ನಮ್ಮ ಸಭೆಗಳಲ್ಲಿ ಸಂತರ ಮೂಲಕ ಬೇಡಿಕೊಳ್ಳುವ ಪದ್ಧತಿ ಇಲ್ಲ. ಆದರೂ ಅವಳ ಸಮಾಧಿ ಸಿಕ್ಕಿದ ಸಂಗತಿ ನನಗೆ ಬಹಳ ಇಷ್ಟ. 1802ರ ಮೇ ತಿಂಗಳಲ್ಲಿ ರೋಮ್ ನಗರದಲ್ಲಿ, ಪ್ರಿಸಿಲ್ಲಾ ಹೆಸರಿನ ಹಳೆಯ ನೆಲದಡಿಯ ಸಮಾಧಿಗಳಲ್ಲಿ ಒಂದು ಗೂಡು ಸಿಕ್ಕಿತು. ಅದನ್ನು ಸುಟ್ಟ ಮಣ್ಣಿನ ಮೂರು ಬಿಲ್ಲೆಗಳಿಂದ ಮುಚ್ಚಿದ್ದರು. ಬಿಲ್ಲೆಗಳನ್ನು ಅದಲುಬದಲಾಗಿ ಜೋಡಿಸಿದ್ದರು. ಸರಿಯಾಗಿ ಇಟ್ಟು ಓದಿದರೆ "ಫಿಲುಮೆನಾ, ನಿನಗೆ ಸಮಾಧಾನ" ಅಂತಿತ್ತು. ಪಕ್ಕದಲ್ಲಿ ಬಾಣಗಳು, ಒಂದು ಖರ್ಜೂರದ ಗರಿ, ಹಡಗಿನ ಲಂಗರಿನ ಚಿತ್ರ. ಅವಳ ಬದುಕಿನ ಬಗ್ಗೆ ಚರಿತ್ರೆಯಲ್ಲಿ ಉಳಿದಿರುವುದು ಹೆಚ್ಚುಕಮ್ಮಿ ಇಷ್ಟೇ. ಲಂಗರು ಅಂದರೆ ಆ ಕಾಲದ ಕ್ರೈಸ್ತರಿಗೆ ನಿರೀಕ್ಷೆಯ ಗುರುತು. ಇಬ್ರಿಯರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದಲ್ಲಿ ಆ ಮಾತಿದೆ. ಸತ್ತ ಮೇಲೆ ಏನು ಅಂತ ಗೊತ್ತಿದ್ದ ಜನ, ದೇವರ ಮುಂದೆ ನಿಲ್ಲಬೇಕು ಅಂತ ನಂಬಿದ ಜನ, ತಮ್ಮ ಹುಡುಗಿಯ ಸಮಾಧಿಯ ಮೇಲೆ ಬರೆದ ಮಾತು ಸಮಾಧಾನ. ಬೆಂಕಿಯ ಚಿತ್ರ ಬಿಡಿಸಲಿಲ್ಲ.

ಈಗ ನಿಮ್ಮ ಅಪ್ಪನ ವಿಷಯ. ಇದನ್ನು ಕೊನೆಗೆ ಇಟ್ಟುಕೊಂಡಿದ್ದು ಯಾಕೆಂದರೆ ಇದೇ ಎಲ್ಲಕ್ಕಿಂತ ಭಾರ.

ಅವರ ತೀರ್ಪು ಏನಾಯಿತು ಅಂತ ನಾನು ಹೇಳಲಾರೆ. ಯಾವ ಬೋಧಕರೂ ಹೇಳಬಾರದು. ರಕ್ಷಣೆ ಯೇಸುವಿನಲ್ಲಿದೆ ಅಂತ ನಾನು ಪೂರ್ತಿ ನಂಬುತ್ತೇನೆ, ಅದನ್ನೇ ಸಾರುತ್ತೇನೆ. ಆದರೆ ಒಬ್ಬ ಮನುಷ್ಯನ ಎದೆಯೊಳಗೆ ಕೊನೆಯ ಗಳಿಗೆಯವರೆಗೆ ಏನೇನು ನಡೆಯಿತು ಅಂತ ನೋಡುವ ಕಣ್ಣು ನಮಗೆ ಕೊಟ್ಟಿಲ್ಲ. ಶಿಲುಬೆಯಲ್ಲಿ ಯೇಸುವಿನ ಪಕ್ಕದಲ್ಲಿದ್ದು ಕೊನೆಯ ಗಳಿಗೆಯಲ್ಲಿ ಅವರನ್ನು ನಂಬಿದ ಕಳ್ಳನ ಮನೆಯವರು ದೂರ ನಿಂತು ನೋಡಿದ್ದರೆ ಅವರಿಗೆ ಏನು ಗೊತ್ತಾಗುತ್ತಿತ್ತು? ದೇವರ ತೀರ್ಪು ಬೀಳಲಿದ್ದ ಸೊದೋಮ್ ಪಟ್ಟಣದ ಪರವಾಗಿ ಬೇಡಿಕೊಳ್ಳುವಾಗ ಅಬ್ರಹಾಮನು ದೇವರನ್ನು ಕೇಳಿದ, ಲೋಕಕ್ಕೆಲ್ಲ ನ್ಯಾಯತೀರಿಸುವವನು ನ್ಯಾಯವನ್ನೇ ಮಾಡುವನಲ್ಲವೇ ಅಂತ. ನಿಮ್ಮ ಅಪ್ಪನ ಹೆಸರು ನಾಲಗೆಗೆ ಬಂದಾಗಲೆಲ್ಲ ನೀವು ನಿಲ್ಲಬೇಕಾದ ಜಾಗ ಅದು. ಅವರು ಇರುವುದು ನಿಮಗಿಂತ, ನನಗಿಂತ ನ್ಯಾಯವಂತನ ಕೈಯಲ್ಲಿ, ನಿಮಗಿಂತ ಹೆಚ್ಚು ಕನಿಕರವಿರುವವನ ಕೈಯಲ್ಲಿ. ದುಷ್ಟನ ಸಾವಿನಲ್ಲಿ ನನಗೆ ಸಂತೋಷವಿಲ್ಲ ಅಂತ ಪ್ರವಾದಿ ಯೆಹೆಜ್ಕೇಲನ ಮೂಲಕ ದೇವರೇ ಹೇಳಿದ್ದಾರೆ. ಯೆರೂಸಲೇಮಿನ ಮೇಲೆ ಬರಲಿರುವ ನಾಶವನ್ನು ಹೇಳುವಾಗ ಯೇಸು ಅತ್ತರು.

ನೀವು ಸಂತೋಷಪಡೋದು ಸ್ವಾರ್ಥವಾ? ಪೌಲನನ್ನು ನೋಡಿ. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯ ಮುಗಿಯುವುದು ಬ್ರಹ್ಮಾಂಡದ ಸಂತೋಷದಲ್ಲಿ. ಮರಣವಾಗಲಿ ಜೀವವಾಗಲಿ ಯಾವುದೂ ನಮ್ಮನ್ನು ಕ್ರಿಸ್ತನಲ್ಲಿರುವ ದೇವರ ಪ್ರೀತಿಯಿಂದ ಅಗಲಿಸಲಾರದು. ಪುಟ ತಿರುಗಿಸಿ. 9ನೇ ಅಧ್ಯಾಯದ ಶುರುವಿನಲ್ಲೇ ಅವನು, ನನ್ನ ಸ್ವಂತ ಜನರಿಗಾಗಿ ನನಗೆ ದೊಡ್ಡ ದುಃಖವಿದೆ, ಎದೆಯಲ್ಲಿ ಬಿಡದ ವೇದನೆ ಇದೆ, ಅವರಿಗೋಸ್ಕರ ನಾನೇ ಶಾಪಗ್ರಸ್ತನಾಗಲೂ ಒಪ್ಪುತ್ತಿದ್ದೆ ಅನ್ನುತ್ತಾನೆ. ಅದೇ ಲೇಖನಿ, ಅದೇ ಕಾಗದ. ಆ ದುಃಖ ಅವನ ಸಂತೋಷವನ್ನು ಸುಳ್ಳು ಮಾಡಲಿಲ್ಲ, ಆ ಸಂತೋಷ ಅವನ ದುಃಖವನ್ನು ಒಣಗಿಸಲಿಲ್ಲ. ನಿಮ್ಮ ಅಪ್ಪನಿಗಾಗಿ ಅಳಿ. ಅವರು ನಿಮಗೆ ಮಾಡಿದ ಒಳ್ಳೆಯದಕ್ಕೆಲ್ಲ ದೇವರಿಗೆ ಸ್ತೋತ್ರ ಹೇಳಿ. ನಿಮ್ಮ ಅಮ್ಮ, ಅಣ್ಣತಮ್ಮಂದಿರು ಊರಿನಲ್ಲಿದ್ದರೆ ಹಬ್ಬಕ್ಕೆ, ಕಷ್ಟಕ್ಕೆ, ಆಸ್ಪತ್ರೆಗೆ ಅಂತ ಹೋಗಿಬನ್ನಿ, ಪ್ರೀತಿಯಿಂದ ಇರಿ. ನಿಮ್ಮ ಸಂತೋಷ ಅವರಿಗೆ ಕಾಣಲಿ. ಬೇರೆಯವರು ಹಾಳಾಗುತ್ತಾರೆ ಅಂತ ಖುಷಿಪಡುವವರು ಬೈಬಲ್‌ನಲ್ಲೂ ಇದ್ದಾರೆ. ಪ್ರವಾದಿ ಯೋನನು ನಿನೆವೆ ಪಟ್ಟಣದ ಮೇಲೆ ತೀರ್ಪು ಬೀಳದಿದ್ದಾಗ ಸಿಟ್ಟಾದ. ಬೀಳದಿದ್ದಾಗ ಸಿಟ್ಟಾದ. ಆ ಊರಿನಲ್ಲಿ ಎಡಗೈ ಬಲಗೈ ತಿಳಿಯದ 1,20,000ಕ್ಕಿಂತ ಹೆಚ್ಚು ಜನರಿದ್ದಾರೆ, ದನಕರುಗಳೂ ಇವೆ, ನನಗೆ ಕನಿಕರ ಬೇಡವೇ ಅಂತ ದೇವರು ಅವನನ್ನು ಕೇಳಿದರು. ನಿಮ್ಮ ಸಂಕಟ ಯೋನನದಲ್ಲ, ಪೌಲನದು. ಅದಕ್ಕೆ ನಾಚಿಕೆಪಡಬೇಡಿ.

ಮಗಳ ಪ್ರಶ್ನೆಗೆ ಬರುತ್ತೇನೆ. "ಗೊತ್ತಿಲ್ಲ ಕಣಮ್ಮ, ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಆದರೆ ಬರೋದು ಯಾರು ಅಂತ ಗೊತ್ತು" ಅಂತ ಹೇಳಿ. ಮಕ್ಕಳನ್ನು ಹತ್ತಿರ ಕರೆದು ಅಪ್ಪಿಕೊಂಡ ಯೇಸುವೇ ಬರುವವರು ಅಂತ ಹೇಳಿ. ಶಾಲೆಯಲ್ಲಿ ಯಾರಾದರೂ ಅವಳನ್ನು ಹೊಡೆದು ಟೀಚರ್‌ಗೆ ಸುಳ್ಳು ಹೇಳಿದ್ದು ನೆನಪಿದೆಯಾ ಅಂತ ಕೇಳಿ. ಖಂಡಿತ ಇರುತ್ತದೆ. ನಿಜ ಏನು ಅಂತ ಯೇಸುಸ್ವಾಮಿಗೆ ಗೊತ್ತು, ಅವರು ಎಲ್ಲವನ್ನೂ ಸರಿಮಾಡುತ್ತಾರೆ ಅಂತ ಹೇಳಿ. ಅವಳೇ ತಪ್ಪು ಮಾಡಿದ್ದರೆ ಅವರಿಗೆ ಹೇಳಿಬಿಡಬಹುದು, ಅವರು ಕ್ಷಮಿಸುತ್ತಾರೆ ಅಂತಲೂ ಹೇಳಿ. ಅಷ್ಟು ಸಾಕು. ಬೆಂಕಿಯ ವಚನಗಳು ಬೈಬಲ್‌ನಲ್ಲಿವೆ, ದೊಡ್ಡವಳಾದ ಮೇಲೆ ನಿಮ್ಮ ಜೊತೆ ಕೂತು ಓದಲಿ. ಈಗ 98ನೇ ಕೀರ್ತನೆಯಿಂದ ಶುರುಮಾಡಿ. ನದಿಗಳು ಚಪ್ಪಾಳೆ ತಟ್ಟುವ ಚಿತ್ರವನ್ನು ಅವಳ ಕೈಯಲ್ಲೇ ಬರೆಸಿ. ಸಂಡೇ ಸ್ಕೂಲಿನ ಟೀಚರ್ ಹತ್ತಿರವೂ ಒಂದು ಮಾತು ಹೇಳಿ. ದೊಡ್ಡವರ ಉಪವಾಸ ಕೂಟದಲ್ಲಿ ಇಂಥ ಪ್ರಸಂಗ ನಡೆಯುವಾಗ ಮಕ್ಕಳಿಗೆ ಪಕ್ಕದ ಕೋಣೆಯಲ್ಲಿ ಬೇರೆ ಪಾಠ ಇಟ್ಟುಕೊಳ್ಳಲಿ. ಅದನ್ನು ಸಭಾಪಾಲಕರಲ್ಲಿ ಕೇಳುವ ಹಕ್ಕು ನಿಮಗಿದೆ, ಕೇಳಿ.